ಆರು ಮನಿ ಪೆಟ್ಟಿಗಿ

ಭಿಶಿ ಎತ್ತಿದ ದಿನ ಹದಿನಾಲ್ಕು ಸಾವಿರ ಕೈಗೆ ಬಂತು.
ಬಂಗಾರದ ಬಳಿ ಮಾಡಸ್ಕೊ ಅಂದಳು ನೆಗೆಣ್ಣಿ.
ಇಷ್ಟಕ್ಕ ಬಳಿ ಬರೂದಿಲ್ಲ, ಬಳಿ ನೆರಳು ಬರತೈತಿ ಅಂದೆ,
ಧಾರವಾಡದಾಗ ಬಸ್ಸು ಹತ್ತಿ ಹುಬ್ಬಳ್ಳಿಗಿ ಇಳದೆ.

ದಾಜಿಬಾನಪೇಟಿ ಹಿಂದಿನ ಸಂದಿ,
ದಾವಲಸಾಬ ನದಾಫರ ಅಂಗಡಿ.
ಅವರ ಅಜ್ಜ ಮನಿ ಮನಿ ತಿರುಗಿ ಅರಳಿ ಹಿಂಜತಿದ್ದರಂತ.
ಇವರು ಬ್ಲೋವರ್ ಹಿಡದು
ಹಳೇ ಕಂಪ್ಯೂಟರಿನ ಹೊಟ್ಟಿಯಾಗಿಂದ
ಬೂದಿಬಣ್ಣದ ಅರಳಿ ಹಾರಸ್ತಾರ.
"ಕಸಬು ಅದ ಐತಿ ಅಕ್ಕಾರ, ಗಾದಿ ಬದಲಾಗ್ಯಾವ."

ಏನ ಬೇಕ್ರಿ ಅಂದ್ರು.
ಆರು ಕಂಪ್ಯೂಟರ್ ಬೇಕು, ಒಂದರ ರೊಕ್ಕ ಐತಿ, ಅಂದೆ.
ಅವರು ನಗಲಿಲ್ಲ.
ಅದಕ್ಕ ಅಲ್ಲೇ ಕುರ್ಚಿ ಎಳಕೊಂಡು ಕುಂತೆ.

ಮೊದಲ ತೋರಿಸಿದ್ದು ಸರ್ವರು.
ಯಾವುದೋ ಕಂಪನಿ ಕೈಬಿಟ್ಟದ್ದು, ತೊಟ್ಟಲದಷ್ಟು ಉದ್ದ,
ಎರಡು ಪ್ರೊಸೆಸರು, ಅರವತ್ನಾಲ್ಕು ಜಿಬಿ ಮೆಮರಿ,
ಹನ್ನೆರಡು ಸಾವಿರ.
ಸ್ವಿಚ್ ಹಾಕಿದರು.
ಆರು ಫ್ಯಾನು ಒಮ್ಮೆಲೆ ಎದ್ದವು
ಖಾರಾ ಕುಟ್ಟೋ ಗಿರಣಿ ಬಾಗಿಲಾ ತೆರದಂಗ.
ಬಾಜೂ ಅಂಗಡಿ ಹುಡುಗ ಚಾ ಚೆಲ್ಲಿಕೊಂಡ.

ಪರ್ಸಿನಾಗಿಂದ ಕರೆಂಟ್ ಬಿಲ್ಲು ತಗದು
ಅದರ ಬೆನ್ನಿಗೆ ಬರದೆ:
ನೂರಾ ಎಂಬತ್ತು ವ್ಯಾಟು, ಹಗಲೂ ರಾತ್ರಿ, ಮೂವತ್ತು ದಿನ,
ಹತ್ರ ಹತ್ರ ನೂರಾ ಮೂವತ್ತು ಯೂನಿಟ್ಟು.
ಬಿಲ್ಲು ಹೊಳ್ಳಿಸಿ ನೋಡಿದೆ.
ಫ್ರಿಜ್ಜು, ಮಿಕ್ಸರು, ಅತ್ತಿಯ ಟೀವಿ, ಎಲ್ಲಾ ಸೇರಿ ಎಂಬತ್ತೆರಡು.
ಸೋವಿಯಂತ ಆನಿ ತಂದರ
ಕಬ್ಬು ಯಾರ ತರಬೇಕು?

ಕಪಾಟಿನ ಕೆಳಗಿನ ಖಣದಾಗ ಒಂದು ಸಣ್ಣದು ಕುಂತಿತ್ತು,
ಮಸಾಲಿ ಡಬ್ಬಿಗಿಂತ ಚೂರು ದೊಡ್ಡದು.
"ಇದು ಎಷ್ಟು ತಿಂತೈತಿ?"
"ಸುಮ್ಮ ಕುಂತಾಗ ಹದಿನೈದು ವ್ಯಾಟು. ಸಿಟ್ಟು ಬಂದ್ರ ಅರವತ್ತು."
ನಮ್ಮ ಮನಿಯವರಿಗಿಂತ ವಾಸಿ ಅಂದೆ.
ಈ ಸಲ ನಕ್ಕರು.

ಆರು ಕೋರು, ಮೆಮರಿಗೆ ಎರಡು ಸಂದು, ಮೂವತ್ತೆರಡು ತನಕ ತುಂಬಬಹುದು.
ಗದಗಿನ ಒಂದು ಪತ್ತಿನ ಸಂಘ ಮುಚ್ಚಿದಾಗ ಲಿಲಾವಿನಾಗ ಬಂದದ್ದಂತ.
ಮೂಲಿಯಾಗ ಖಂಡೇಪೂಜಿ ಕುಂಕುಮ ಇನ್ನೂ ಹೋಗಿಲ್ಲ,
ನೆತ್ತಿ ಮ್ಯಾಲೆ ನೀಲಿ ಶಾಯಿಯ ಚೀಟಿ:
ಯಾರೂ ಮುಟ್ಟಬಾರದು. ಕ್ಯಾಶ್ ಕೌಂಟರ್. ಸು. ಹೊಂಬಳ.
ಪೆಟ್ಟಿಗಿಗೆ ಒಂಬತ್ತು, ಮೆಮರಿಗೆ ಐದು.
ಬಸ್ಸಿನ ಚಾರ್ಜು ಕೈಯಿಂದ.

ರಾತ್ರಿ ಎಲ್ಲಾರೂ ಮಲಗಿದ ಮ್ಯಾಲೆ
ಅತ್ತಿಯ ಟೀವಿಗೇ ವಯರು ಚುಚ್ಚಿ ಚಾಲೂ ಮಾಡಿದೆ.
ನೀಲಿ ಪರದೆ, ಮೂರನೇ ಪುಟ, ತಳದಾಗ ಒಂದು ಸಾಲು:
ವರ್ಚುವಲೈಸೇಶನ್ — ಡಿಸೇಬಲ್ಡ್.
ಇಷ್ಟು ವರ್ಷ ಮಂದಿ ರೊಕ್ಕ ಎಣಿಸಿತು ಪಾಪ,
ನಿನ್ನೊಳಗ ಆರು ಮನಿ ಹಿಡಸ್ತಾವಂತ
ಯಾರೂ ಅದಕ್ಕ ಹೇಳಿರಲಿಲ್ಲ.
ಎಂಟರ್ ಒತ್ತೂ ಬೆರಳು ಸ್ವಲ್ಪ ನಡಗಿತು.

ನಾ ಹುಟ್ಟಿದ್ದು ಗದಗ ರೋಡಿನ ಚಾಳಿನಾಗ.
ಆರು ಮನಿ, ಆರು ರಂಗೋಲಿ, ಆರು ಕೀಲಿ, ಒಂದ ನಳ,
ನೀರು ಎಂಟು ದಿನಕ್ಕೊಮ್ಮೆ.
ನಳದ ಕಾರಭಾರಿ ಫಕೀರವ್ವ
ಎಲ್ಲಾರಿಗೂ ಹೇಳತಿದ್ದಳು: ನಿನಗ ಎಂಟು ಕೊಡ, ನಿನಗೂ ಎಂಟು.
ಇದ್ದದ್ದು ಒಟ್ಟು ನಲವತ್ತು.
ಎಲ್ಲಾರೂ ಒಮ್ಮೆಲೆ ಕೊಡಾ ಇಡೂದಿಲ್ಲ ಅನ್ನೋದು
ಆಕಿಗೊಬ್ಬಾಕಿಗೇ ಗೊತ್ತಿತ್ತು.
ಒಂದ ದಿನ ಎರಡು ಲಗ್ನ ಬಂದಾಗ ಮಾತ್ರ
ಕೊಡಪಾನ ಹಾರಿ ನನ್ನ ಹಣಿಗೆ ಬಡೀತು.
ಕಲಿ ಐತಿ ಇನ್ನೂ.

ಮೂವತ್ತೆರಡರಾಗ ಮೂವತ್ತಾರು ಹಂಚೀನಿ.
ಒಂದಕ್ಕ ಎಂಟು, ಒಂದಕ್ಕ ನಾಕು, ಹಿಂಗ.
ಒಂದೊಂದೂ ಎದ್ದು ಕಣ್ಣು ತಿಕ್ಕಿಕೊಂಡು
ಇಡೀ ಮನಿ ತನ್ನದ ಅನ್ಕೊಂಡೈತಿ.
ಬಾಗಿಲಾ ಕಾಯೂದರ ಹೆಸರು ಫಕೀರವ್ವ.
ಆರನೇದು ಇನ್ನೂ ಎದ್ದಿಲ್ಲ. ನಾಳೆ ನೋಡೂಣು,
ನಂದೂ ಕಲಿಯೂದು ಭಾಳ ಐತಿ.

ಚೀಟಿ ಕಿತ್ತಿಲ್ಲ.
ನೆಗೆಣ್ಣಿ ಕಸಾ ಹೊಡಿಯಾಕ ಬಂದಾಕಿ ಓದಿ
ಕೈ ಹಿಂದ ತಗೊಂಡಳು.
ಹೊಂಬಳ ಅಕ್ಕಾರ, ನೀವು ಎಲ್ಲೇ ಇರ್ರಿ,
ಚಲೋ ಬರದೀರಿ.